ಸುರಂಗದೊಳಗೆ ನನ್ನ ಜೊತೆ ಬಂದ ನಿಮಗೆಲ್ಲ

ಬಳಗದ ಹಿರಿಯರಿಗೆ, ಗೆಳೆಯ ಗೆಳತಿಯರಿಗೆ ನಮಸ್ಕಾರ.

ಕಳೆದ ಶನಿವಾರ, ಭಾನುವಾರ ನಮ್ಮೂರ ಶಾಲೆಯಲ್ಲಿ, ನೀರಿಗಾಗಿ ಗುಡ್ಡಕ್ಕೆ ಅಡ್ಡವಾಗಿ ಕೈಯಿಂದ ಕೊರೆದ ಸುರಂಗಗಳ ಫೋಟೋ ಮತ್ತು ಚಿತ್ರಗಳ ಪ್ರದರ್ಶನ ಚೆನ್ನಾಗಿ ನಡೆಯಿತು. ಗೋಡೆಯ ಮೇಲೆ ಇದ್ದದ್ದು ನನ್ನೊಬ್ಬಳ ಹೆಸರು. ಆ ಚಿತ್ರಗಳು ಹಾಗೆ ಮೂಡಿಬರಲು ಕಾರಣರಾದವರು ಮಾತ್ರ ನೀವು. ಅದನ್ನು ಎಲ್ಲರೆದುರು ಹೇಳದೆ ನನಗೆ ಸಮಾಧಾನವಿಲ್ಲ.

ಮೊದಮೊದಲು ನಾನು ನಮ್ಮ ಬಳಗದಲ್ಲಿ ಹಂಚಿಕೊಳ್ಳುತ್ತಿದ್ದದ್ದು ಸುರಂಗದ ಬಾಯಿಯ ಫೋಟೋಗಳನ್ನಷ್ಟೇ. ಕಾಸರಗೋಡಿನ ಬಾಯಾರು, ಪೈವಳಿಕೆ, ಎಣ್ಮಕಜೆ ಕಡೆ ಅಡಿಕೆ ತೋಟದ ಮೇಲ್ತುದಿಯಲ್ಲಿ, ಗುಡ್ಡದ ಬುಡದಲ್ಲಿ, ಒಬ್ಬರು ನುಗ್ಗುವಷ್ಟು ಇಕ್ಕಟ್ಟಿನ ಕಂಡಿ. "ಒಳಗೆ ಹೋಗಿ ತೆಗೀರಿ ಮಾರಾಯ್ರೆ, ನೀರು ಎಲ್ಲಿಂದ ಬರ್ತದೆ ಅಂತ ಕಾಣ್ಬೇಕಲ್ಲ" ಎಂದು ಮುಂಬೈಯಿಂದ ಬರೆದ ಅಣ್ಣನಿಗೆ ಮೊದಲ ವಂದನೆ. ಊರು ಬಿಟ್ಟು ಎಷ್ಟೋ ವರ್ಷವಾದ ಅವರಿಗೆ ಹತ್ತಿರದಲ್ಲೇ ಇರುವ ನಮಗಿಂತ ಹೆಚ್ಚು ಆಸೆಯಿತ್ತು.

ಒಳಗೆ ಫ್ಲ್ಯಾಶ್ ಹಾಕಿದರೆ ಪಕ್ಕದ ಗೋಡೆ ಬೆಳ್ಳಗಾಗಿ ಆಚೆಯದೆಲ್ಲ ಕಪ್ಪು. ಕ್ಯಾಮೆರಾವನ್ನು ಸ್ಟ್ಯಾಂಡಿನ ಮೇಲಿಟ್ಟು, ಶಟರನ್ನು ಅರ್ಧ ನಿಮಿಷ ತೆರೆದಿಟ್ಟು, ಟಾರ್ಚಿನ ಬೆಳಕನ್ನು ಗೋಡೆಯುದ್ದಕ್ಕೂ ನಿಧಾನವಾಗಿ ಆಡಿಸಬೇಕೆಂದು ಕಲಿಸಿಕೊಟ್ಟವರು ಬದಿಯಡ್ಕದಲ್ಲಿ ಮದುವೆ ಫೋಟೋ ತೆಗೆಯುವ ತಮ್ಮ. ಹಾಗೆ ತೆಗೆದ ಫೋಟೋದಲ್ಲಿ ಪಿಕ್ಕಾಸಿನ ಒಂದೊಂದು ಏಟಿನ ಗುರುತೂ ಕಾಣಿಸಿತು. ಬಾಯಿಯ ಹತ್ತಿರ ಮುರಕಲ್ಲಿನ (ಜಂಬಿಟ್ಟಿಗೆ ಕಲ್ಲಿನ) ಕೆಂಪು, ಒಳಗೆ ಹೋದಂತೆ ಮೆತ್ತಗಿನ ಶೇಡಿಮಣ್ಣಿನ ನಸುಬಿಳುಪು, ಮಾಡಿನಿಂದ ಇಳಿಬಿದ್ದ ಬೇರು, ನೆಲದಲ್ಲಿ ಬೆರಳು ದಪ್ಪದ ನೀರಿನ ಎಳೆ. ಎಲ್ಲ ಫೋಟೋಗಳಲ್ಲಿ ನನಗೆ ಇಂದಿಗೂ ಅದೇ ಇಷ್ಟ.

ಆದರೂ ಗುಡ್ಡವನ್ನು ಸೀಳಿ ತೋರಿಸಲು ಫೋಟೋದಿಂದ ಆಗದು. ಅದಕ್ಕೇ ಚಿತ್ರ ಬರೆಯತೊಡಗಿದೆ. ಮಳೆನೀರು ಮುರಕಲ್ಲಿನಲ್ಲಿ ಇಂಗಿ ಇಳಿದು ಸುರಂಗದ ಗೋಡೆಯಲ್ಲಿ ಜಿನುಗುತ್ತದೆ. ನೆಲಕ್ಕೆ ಹೊರಮುಖವಾಗಿ ತುಸು ಇಳಿಜಾರು ಕೊಟ್ಟಿರುವುದರಿಂದ ಪಂಪು, ಕರೆಂಟು ಯಾವುದೂ ಬೇಡ, ನೀರು ತಾನೇ ಹರಿದು ಬರುತ್ತದೆ. ಅಲ್ಲಿಂದ ಅಡಿಕೆ ದಂಬೆಯಲ್ಲಿ, ಅಂದರೆ ಅಡಿಕೆ ಮರ ಸೀಳಿ ಮಾಡಿದ ತೋಡಿನಲ್ಲಿ, ಕೆರೆಗೆ. ಈ ಚಿತ್ರಗಳಿಗೆ ಸುರಂಗದ ಮಣ್ಣನ್ನೇ ಬಣ್ಣವಾಗಿ ಬಳಸಿ ಎಂದವರು ನೀರ್ಚಾಲಿನ ಅಕ್ಕ. ಅರೆದು, ಬಟ್ಟೆಯಲ್ಲಿ ಸೋಸಿ, ಗೋಂದು ಬೆರೆಸುವ ಕ್ರಮವನ್ನೂ ಬರೆದು ಕಳಿಸಿದರು. ಕಬ್ಬಿಣದಂಶ ತುಂಬಿದ ಮುರಕಲ್ಲಿನ ಆ ಕೆಂಪು ಅಂಗಡಿಯ ಬಣ್ಣದಲ್ಲಿ ನನಗೆ ಸಿಕ್ಕಿರಲಿಲ್ಲ.

ಗಡಿಯಾಚೆ ಕರ್ನಾಟಕದ ಕೇಪುವಿನಲ್ಲಿ ಸುರಂಗ ಕೊರೆದು ನೀರು ತಂದ ಕೃಷಿಕ ಅಮೈ ಮಹಾಲಿಂಗ ನಾಯ್ಕರಿಗೆ 2022ರಲ್ಲಿ ಪದ್ಮಶ್ರೀ ಬಂದಾಗ ಸುರಂಗ ಎಂದರೇನೆಂದು ದೂರದವರೂ ವಿಚಾರಿಸಿದರು. ಅವರ ಹಾಗೆಯೇ ಗುಡ್ಡ ಕೊರೆದು, ಹೆಸರಿಲ್ಲದೆ ಉಳಿದವರು ನಮ್ಮ ಊರುಗಳಲ್ಲಿದ್ದಾರೆ. ಅಂಥ ಒಬ್ಬ ಅಜ್ಜನ ಮಾತುಗಳನ್ನು ಅವರ ಮೊಮ್ಮಗಳು ವಾಯ್ಸ್ ಮೆಸೇಜಿನಲ್ಲಿ ಕಳಿಸುತ್ತಿದ್ದರು. ಅಗೆಯುವಾಗ ಪಕ್ಕದಲ್ಲಿ ಮೇಣದಬತ್ತಿ ಉರಿಯುತ್ತಿರಬೇಕು, ಅದು ನಂದಿತೆಂದರೆ ಗಾಳಿ ಸಾಲದು, ಕೂಡಲೇ ಹೊರಗೆ ಬರಬೇಕು ಎಂದು ಅಜ್ಜ ಹೇಳಿದ್ದನ್ನು ಕೇಳಿಯೇ ನಾನು ಅಗೆಯುವವನ ಮೊಣಕಾಲ ಬಳಿ ಆ ಬತ್ತಿಯನ್ನು ಬರೆದೆ. ಶಾಲೆಯ ಮಕ್ಕಳು ತುಂಬ ಹೊತ್ತು ನಿಂತದ್ದು ಅದೇ ಚಿತ್ರದ ಮುಂದೆ. ಬತ್ತಿ ಯಾಕೆ ಎಂದು ಕೇಳಿದವರಿಗೆಲ್ಲ ಅಜ್ಜನ ಮಾತನ್ನೇ ಹೇಳಿದೆ.

ಫ್ರೇಮಿಗೆ ಮರ ಕೊಟ್ಟವರಿಗೆ, ಮಲಯಾಳದಲ್ಲಿ ವಿವರ ಬರೆದುಕೊಟ್ಟ ಟೀಚರಿಗೆ, ಎರಡು ದಿನವೂ ಚಹಾ ಕಾಸಿದ ಅಮ್ಮಂದಿರಿಗೆ ಕೈಮುಗಿಯುತ್ತೇನೆ. ಚಿತ್ರಗಳ ಸ್ಕ್ಯಾನ್ ಪ್ರತಿ ಯಾವ ಶಾಲೆಗೆ ಬೇಕಾದರೂ ಕೊಡುತ್ತೇನೆ, ದುಡ್ಡಿನ ಮಾತಿಲ್ಲ. ಬೇಸಗೆಯಲ್ಲೂ ನೀರು ಬತ್ತದ ಸುರಂಗ ನಿಮ್ಮ ಕಡೆ ಇದ್ದರೆ ತಿಳಿಸಿ, ಮಾರ್ಚ್ ಕಳೆದ ಮೇಲೆ ಬರುತ್ತೇನೆ. ಅಜ್ಜನ ಮೊಮ್ಮಗಳಲ್ಲಿ ಒಂದು ಕೋರಿಕೆ: ಆ ವಾಯ್ಸ್ ಮೆಸೇಜುಗಳನ್ನು ಅಳಿಸಬೇಡಿ ತಂಗಿ. ನಾನು ಕೇಳಿ ಬರೆದಿಟ್ಟದ್ದನ್ನು ಈ ವಾರ ಕಳಿಸುತ್ತೇನೆ, ಅಜ್ಜನಿಗೆ ಓದಿ ಹೇಳಿ.