ಗೆಳೆಯನಿಗೊಂದು ಪತ್ರ: ಖಾಲಿ ಕುರ್ಚಿ ಮತ್ತು ನಿನ್ನ ಹಾರ್ಡ್ ಡಿಸ್ಕ್

ಪ್ರೀತಿಯ ಗೆಳೆಯಾ,

ಮೊನ್ನೆ ಇರಾನಿನ ನಿರ್ದೇಶಕ ಜಾಫರ್ ಪನಾಹಿ ವಿಷಯ ಮಾತಾಡಿ ಫೋನ್ ಇಡುವ ಮುಂಚೆ ನೀನು ಒಂದು ಮಾತು ಹೇಳಿದೆ. "ಪನಾಹಿಗೆ ಪ್ರಶಸ್ತಿ ಬಂದಿದ್ದು ಸಿನಿಮಾಕ್ಕಲ್ಲ ಮಾರಾಯ, ಜೈಲಿಗೆ. ನಮಗೆ ಜೈಲೂ ಇಲ್ಲ, ಪ್ರಶಸ್ತಿಯೂ ಇಲ್ಲ." ನಾನು ಸುಮ್ಮನಾದೆ. ಒಪ್ಪಿದೆ ಅಂತ ನೀನು ತಿಳಿದಿರಬಹುದು. ಒಪ್ಪಿಲ್ಲ. ಎದುರಿಗೆ ಕೂತು ಹೇಳೋಕೆ ಹೋದರೆ ನೀನು ಯಾವುದೋ ಹಳೇ ವಿಷಯ ತೆಗೆದು ನನ್ನ ಬಾಯಿ ಮುಚ್ಚಿಸುತ್ತೀಯ. ಅದಕ್ಕೇ ಬರೆಯುತ್ತಿದ್ದೇನೆ. ಎಲ್ಲರೂ ಓದುವ ಜಾಗದಲ್ಲೇ ಹಾಕುತ್ತಿದ್ದೇನೆ, ಯಾಕೆಂದರೆ ಈ ಮಾತು ಆಡುವವನು ನೀನೊಬ್ಬನೇ ಅಲ್ಲ.

ಮೊದಲು ಇಸವಿ ನೋಡು. 1995ರಲ್ಲಿ ಫ್ರಾನ್ಸಿನ ಕಾನ್ ಚಿತ್ರೋತ್ಸವದಲ್ಲಿ ಜಾಫರ್ ಪನಾಹಿಗೆ ಕ್ಯಾಮೆರಾ ದೋರ್ ಬಂತು. ಮೊದಲ ಸಿನಿಮಾ ಮಾಡಿದವರಿಗೆ ಕೊಡುವ ಪ್ರಶಸ್ತಿ ಅದು. ಚಿತ್ರ 'ದಿ ವೈಟ್ ಬಲೂನ್'. ಹೊಸ ವರ್ಷದ ಹಬ್ಬಕ್ಕೆ ಒಬ್ಬ ಪುಟ್ಟ ಹುಡುಗಿಗೆ ಚಿನ್ನದ ಮೀನು ಬೇಕು. ಅಮ್ಮನ ಹತ್ತಿರ ಗೋಗರೆದು ತಂದ ನೋಟು ಬೀದಿಬದಿಯ ಜಾಲರಿಯೊಳಗೆ ಬಿದ್ದುಹೋಗುತ್ತದೆ. ಇಷ್ಟೇ ಕಥೆ. ಇದರಲ್ಲಿ ಎಲ್ಲಿದೆ ಜೈಲು? 1997ರಲ್ಲಿ ಸ್ವಿಟ್ಜರ್ಲೆಂಡಿನ ಲೊಕಾರ್ನೊ ಚಿತ್ರೋತ್ಸವದ ದೊಡ್ಡ ಪ್ರಶಸ್ತಿ ಚಿನ್ನದ ಚಿರತೆ, 'ದಿ ಮಿರರ್' ಚಿತ್ರಕ್ಕೆ. ಸಿನಿಮಾ ನಡುವಲ್ಲೇ ಅದರಲ್ಲಿ ನಟಿಸುವ ಪುಟ್ಟ ಹುಡುಗಿ ಕ್ಯಾಮೆರಾ ಕಡೆ ತಿರುಗಿ, ನಾನಿನ್ನು ನಟಿಸಲ್ಲ ಅಂತ ಬಸ್ಸಿಂದ ಇಳಿದು ಹೊರಟೇ ಬಿಡುತ್ತಾಳೆ. ಅದನ್ನ ನೋಡಿ ನೀನು ಎದ್ದು ನಿಂತಿದ್ದೆ, ನೆನಪಿದೆಯಾ? 2000ದಲ್ಲಿ ವೆನಿಸ್‌ನ ಚಿನ್ನದ ಸಿಂಹ, 'ದಿ ಸರ್ಕಲ್' ಚಿತ್ರಕ್ಕೆ. ಇರಾನಿನಲ್ಲಿ ಪನಾಹಿಗೆ ಆರು ವರ್ಷ ಜೈಲು, ಇಪ್ಪತ್ತು ವರ್ಷ ಸಿನಿಮಾ ಮಾಡಬಾರದು ಎಂಬ ತೀರ್ಪು ಬಂದಿದ್ದು 2010ರ ಡಿಸೆಂಬರ್‌ನಲ್ಲಿ. ಅಷ್ಟು ಹೊತ್ತಿಗೆ ಇದೆಲ್ಲ ಬಂದು ಎಷ್ಟೋ ವರ್ಷ ಆಗಿತ್ತು.

ಆದರೂ ನಿನ್ನ ಅನುಮಾನ ಎಲ್ಲಿಂದ ಬಂತು ಅಂತ ನನಗೆ ಗೊತ್ತು. 2010ರ ಮೇ ತಿಂಗಳಲ್ಲಿ ಕಾನ್‌ನವರು ಪನಾಹಿಯನ್ನು ತೀರ್ಪುಗಾರರಾಗಿ ಕರೆದಿದ್ದರು. ಅವರು ಟೆಹ್ರಾನ್‌ನಲ್ಲಿ ಬಂಧನದಲ್ಲಿದ್ದರು. ಅವರ ಕುರ್ಚಿಯನ್ನು ಖಾಲಿ ಬಿಟ್ಟರು. ಆ ವರ್ಷ ಫ್ರೆಂಚ್ ನಟಿ ಜೂಲಿಯೆಟ್ ಬಿನೋಷ್‌ಗೆ ಶ್ರೇಷ್ಠ ನಟಿ ಪ್ರಶಸ್ತಿ ಬಂತು. ಆಕೆ ವೇದಿಕೆಗೆ ಬಂದಾಗ ಕೈಯಲ್ಲಿ ಪನಾಹಿ ಹೆಸರಿನ ಫಲಕ ಹಿಡಿದಿದ್ದರು. ಮರುವರ್ಷ ಬರ್ಲಿನ್‌ನಲ್ಲೂ ಇನ್ನೊಂದು ಖಾಲಿ ಕುರ್ಚಿ. 2025ರಲ್ಲಿ ಪನಾಹಿಗೆ ಕಾನ್‌ನ ಅತಿ ದೊಡ್ಡ ಪ್ರಶಸ್ತಿ ಪಾಮ್ ದೋರ್ ಕೊಟ್ಟ ತೀರ್ಪುಗಾರರ ಮಂಡಳಿಗೆ ಅಧ್ಯಕ್ಷೆ ಯಾರು? ಅದೇ ಬಿನೋಷ್. ಒಂಬತ್ತು ಜನರ ಆ ಮಂಡಳಿಯಲ್ಲಿ ನಮ್ಮ ನಿರ್ದೇಶಕಿ ಪಾಯಲ್ ಕಪಾಡಿಯಾ ಕೂಡ ಇದ್ದರು. ಒಂಬತ್ತು ಜನ ಒಂದು ಕೋಣೆಯಲ್ಲಿ ಕೂತಾಗ ಆ ಖಾಲಿ ಕುರ್ಚಿ ಯಾರಿಗೂ ನೆನಪಾಗಲಿಲ್ಲ ಅಂತ ನಾನು ವಾದ ಮಾಡಲ್ಲ. ನೆನಪಾಗಲೇಬೇಕು. ಮನುಷ್ಯರು ತಾನೇ ಅವರೂ.

ಆದರೆ ನೀನು ಪಾಮ್ ದೋರ್ ಗೆದ್ದ ಆ ಸಿನಿಮಾ ಇನ್ನೂ ನೋಡಿಲ್ಲ. ನೋಡು. 'ಇಟ್ ವಾಸ್ ಜಸ್ಟ್ ಆ್ಯನ್ ಆ್ಯಕ್ಸಿಡೆಂಟ್'. ಒಬ್ಬ ಮೆಕ್ಯಾನಿಕ್ ಇದ್ದಾನೆ, ವಾಹಿದ್ ಅಂತ. ಒಂದು ರಾತ್ರಿ ಯಾರದೋ ಕೃತಕ ಕಾಲಿನ ಕಿರ್ ಸದ್ದು ಕಿವಿಗೆ ಬೀಳುತ್ತದೆ. ಜೈಲಲ್ಲಿ ತನಗೆ ಚಿತ್ರಹಿಂಸೆ ಕೊಟ್ಟವನ ಕಾಲಿನ ಸದ್ದೂ ಅದೇ. ಆದರೆ ಅವನ ಮುಖ ಇವನು ನೋಡಿಯೇ ಇಲ್ಲ. ಕಣ್ಣಿಗೆ ಬಟ್ಟೆ ಕಟ್ಟಿರುತ್ತಿದ್ದರು. ಆ ಮನುಷ್ಯನನ್ನು ಹಿಡಿದು ವ್ಯಾನಿಗೆ ಹಾಕಿಕೊಳ್ಳುತ್ತಾನೆ. ಆಮೇಲೆ ಅನುಮಾನ. ಇವನೇನಾ ಅವನು? ಜೈಲಲ್ಲಿದ್ದ ಬೇರೆಯವರನ್ನೆಲ್ಲ ಹುಡುಕಿಕೊಂಡು ಹೋಗುತ್ತಾನೆ. ಅವರೂ ನೋಡಿಲ್ಲ. ಒಬ್ಬರಿಗೆ ವಾಸನೆ ನೆನಪು, ಒಬ್ಬರಿಗೆ ಕೈಯಲ್ಲಿ ಮುಟ್ಟಿದ ಕಾಲು. ನಡುವೆ ನಗು ಬರುತ್ತದೆ, ನಿಜವಾಗಿಯೂ ಬರುತ್ತದೆ. ಪರವಾನಗಿ ಇಲ್ಲದೆ, ಕದ್ದುಮುಚ್ಚಿ ತೆಗೆದ ಚಿತ್ರ ಇದು. ಜೈಲು ಇಲ್ಲದಿದ್ದರೆ ಈ ಸಿನಿಮಾ ಹುಟ್ಟುತ್ತಿರಲಿಲ್ಲ, ಅದು ಸರಿ. ಆದರೆ ಜೈಲಿಗೆ ಹೋದವರೆಲ್ಲ ಇಂಥ ಸಿನಿಮಾ ಮಾಡಲ್ಲ. ಒಂದು ಸದ್ದಿನ ಮೇಲೆ ಇಡೀ ಚಿತ್ರ ನಿಲ್ಲಿಸುವುದು ಕೆಲಸ ಬಲ್ಲವನಿಗೆ ಮಾತ್ರ ಆಗುತ್ತದೆ. ಧ್ವನಿಯ ವಿಷಯದಲ್ಲಿ ಅಷ್ಟು ತಲೆ ಕೆಡಿಸಿಕೊಳ್ಳುವ ನೀನು ಆ ಮಾತು ಆಡಬಾರದು.

ಇನ್ನು "ನಮಗೆ ಪ್ರಶಸ್ತಿ ಇಲ್ಲ" ಅನ್ನೋದು. ಮಂಡ್ಯ ಜಿಲ್ಲೆಯ ನೊದೆಕೊಪ್ಪಲಿನ ಜನರನ್ನೇ ಇಟ್ಟುಕೊಂಡು ಮಾಡಿದ 'ತಿಥಿ'ಗೆ 2015ರಲ್ಲಿ ಲೊಕಾರ್ನೊದಲ್ಲಿ ಬಹುಮಾನ ಬಂತು. 2024ರಲ್ಲಿ ಮೈಸೂರಿನ ಚಿದಾನಂದ ನಾಯ್ಕ್, ಓದಿದ್ದು ಡಾಕ್ಟರಿಕೆ, ಕಾನ್‌ನ ವಿದ್ಯಾರ್ಥಿ ಚಿತ್ರಗಳ ವಿಭಾಗದಲ್ಲಿ ಮೊದಲ ಬಹುಮಾನ ತಂದರು. ಕೋಳಿ ಕದ್ದ ಅಜ್ಜಿಯ ನಮ್ಮ ಜನಪದ ಕಥೆ, ಕನ್ನಡದಲ್ಲೇ. ಇವರ್ಯಾರೂ ಜೈಲಿಗೆ ಹೋಗಿರಲಿಲ್ಲ.

ಇಲ್ಲಿಯವರೆಗೆ ಬರೆದಿದ್ದು ನಿನ್ನ ಮಾತಿಗೆ ಉತ್ತರ. ನನ್ನ ತಳಮಳ ಬೇರೆ ಇದೆ.

2015ರಲ್ಲಿ ಬರ್ಲಿನ್‌ನ ಚಿನ್ನದ ಕರಡಿ 'ಟ್ಯಾಕ್ಸಿ' ಚಿತ್ರಕ್ಕೆ ಬಂತು. ಪನಾಹಿ ದೇಶ ಬಿಟ್ಟು ಹೋಗುವಂತಿರಲಿಲ್ಲ. ಅವರ ಅಣ್ಣ ತಮ್ಮಂದಿರ ಮನೆಯದೋ ಅಕ್ಕ ತಂಗಿಯರ ಮನೆಯದೋ ಪುಟ್ಟ ಹುಡುಗಿ, ಹಾನಾ, ವೇದಿಕೆಗೆ ಹೋಗಿ ಕರಡಿ ಎತ್ತಿಕೊಂಡಳು. ಅಳು ಬಂದು ಮಾತೇ ಹೊರಡಲಿಲ್ಲ. ಆ ಚಿತ್ರದಲ್ಲಿ ಪನಾಹಿಯೇ ಟೆಹ್ರಾನ್ ಬೀದಿಗಳಲ್ಲಿ ಟ್ಯಾಕ್ಸಿ ಓಡಿಸುತ್ತಾರೆ. ಕಳ್ಳ ಡಿವಿಡಿ ಮಾರುವವನೊಬ್ಬ ಹತ್ತಿ ಅವರ ಗುರುತು ಹಿಡಿಯುತ್ತಾನೆ. ಅಲ್ಲಿ ಸಿನಿಮಾ ಜನರಿಗೆ ತಲುಪುವ ದಾರಿ ಅದು. ಕೊನೆಗೆ ಕೆಲಸ ಮಾಡಿದ ಯಾರ ಹೆಸರೂ ಪರದೆ ಮೇಲೆ ಬರಲ್ಲ. ಹಾಕಿದರೆ ಅವರಿಗೆ ತೊಂದರೆ.

ಈಗ ಯೋಚಿಸು. ಕಾನ್, ವೆನಿಸ್, ಬರ್ಲಿನ್, ಈ ಮೂರರ ದೊಡ್ಡ ಪ್ರಶಸ್ತಿಯನ್ನೂ ಗೆದ್ದವರು ಕ್ಲೂಜೊ, ಆಂಟೋನಿಯೋನಿ, ಆಲ್ಟ್‌ಮನ್, ಆಮೇಲೆ ಪನಾಹಿ. ಅಷ್ಟು ಗೆದ್ದ ಪನಾಹಿಗೆ ತಮ್ಮ ಊರಿನ ಟಾಕೀಸಿನಲ್ಲಿ ತಮ್ಮ ಸಿನಿಮಾ ಹಾಕೋಕೆ ಬಿಡಲ್ಲ. ಆಸ್ಕರ್‌ನ ಅಂತಾರಾಷ್ಟ್ರೀಯ ಚಿತ್ರದ ವಿಭಾಗಕ್ಕೆ ಆಗ ಒಂದು ದೇಶದಿಂದ ಒಂದೇ ಸಿನಿಮಾ, ಅದನ್ನೂ ಆ ದೇಶದವರೇ ಆರಿಸಿ ಕಳಿಸಬೇಕಿತ್ತು. ಹಾಗಾಗಿ ಪಾಮ್ ದೋರ್ ಗೆದ್ದ ಚಿತ್ರ ಫ್ರಾನ್ಸ್ ಹೆಸರಲ್ಲಿ ಹೋಯಿತು. ಪ್ರಶಸ್ತಿ ಗೆದ್ದ ಮೇಲೆ ಪನಾಹಿ ಟೆಹ್ರಾನ್‌ಗೆ ವಾಪಸ್ ಹೋದರು. ಅದೇ ವರ್ಷ ಡಿಸೆಂಬರ್‌ನಲ್ಲಿ, ಅವರು ಹೊರದೇಶದಲ್ಲಿದ್ದಾಗ, ಮತ್ತೆ ಒಂದು ವರ್ಷದ ಜೈಲು ಶಿಕ್ಷೆ ಅಂತ ಸುದ್ದಿ ಬಂತು. ಪ್ರಶಸ್ತಿ ಕಾಪಾಡುತ್ತದೆ ಅಂತ ನಾನು ನಂಬಿದ್ದೆ. ಅಷ್ಟೇನೂ ಕಾಪಾಡಲ್ಲ.

ಮತ್ತೆ ನಿನ್ನ ಸಿನಿಮಾ ಎಲ್ಲಿದೆ? ಹಾರ್ಡ್ ಡಿಸ್ಕಿನಲ್ಲಿ. ಯಾಕೆ? ವೆನಿಸ್‌ನಲ್ಲಿ ಸ್ಪರ್ಧೆಗೆ ಬರುವ ಚಿತ್ರ ಜಗತ್ತಿನಲ್ಲೇ ಮೊದಲು ಅಲ್ಲೇ ತೋರಿಸಬೇಕು. ಅದಕ್ಕೇ ನೀನು ಇಲ್ಲಿ ಯಾರಿಗೂ ತೋರಿಸಲ್ಲ. ಕಾಯುತ್ತೀಯ. ನಿನ್ನನ್ನು ತಡೆದವರು ಯಾರೂ ಇಲ್ಲ. ನೀನಾಸಂನ ಕೆ.ವಿ. ಸುಬ್ಬಣ್ಣನವರು ಹೆಗ್ಗೋಡಿನಲ್ಲಿ ಹಳ್ಳಿಯ ಜನರನ್ನು ಕೂರಿಸಿ ಜಪಾನಿನ ಕುರೋಸಾವಾ, ಬಂಗಾಳದ ಸತ್ಯಜಿತ್ ರೇ ಸಿನಿಮಾ ತೋರಿಸಿದ್ದು ನಮ್ಮದೇ ತಾಲ್ಲೂಕಿನಲ್ಲಿ ಕಣೋ. ನಿನ್ನ ಚಿತ್ರದಲ್ಲಿ ಅಜ್ಜಿ ಪಾತ್ರ ಮಾಡಿದವರು ಸಂತೆಯಲ್ಲಿ ಸಿಕ್ಕಾಗೆಲ್ಲ ಕೇಳುತ್ತಾರೆ, "ನಮ್ ಪಿಚ್ಚರ್ ಯಾವಾಗ ಬರ್ತದೆ ತಮ್ಮಾ?" ನನಗೆ ಉತ್ತರ ಹೇಳೋಕೆ ಬರಲ್ಲ. ಅವರಿಗೆ ವಯಸ್ಸಾಯಿತು.

ಇದನ್ನ ಬರೆಯಬೇಕು ಅಂತ ಕೂತಿರಲಿಲ್ಲ, ಆದರೂ ಬರೆಯುತ್ತೇನೆ. ವೆನಿಸ್ ಚಿತ್ರೋತ್ಸವದವರು ಈ ಸಲ ಆಗಲಿಲ್ಲ ಅಂತ ಮೇಲ್ ಕಳಿಸಿದ ದಿನ ನೀನು ನಮ್ಮ ಮನೆಗೆ ಬಂದು ಜಗಲಿ ಮೇಲೆ ಸುಮ್ನೆ ಕೂತಿದ್ದೆ. ನಾನು ಅವರನ್ನು ಬಾಯಿ ತುಂಬ ಬೈದೆ. ಅದು ಸುಳ್ಳಲ್ಲ. ಆದರೆ ಒಳಗೆಲ್ಲೋ ಸಣ್ಣ ಸಮಾಧಾನವೂ ಆಯಿತು. ಆಯ್ಕೆ ಆಗಿದ್ದರೆ ನೀನು ಹೋಗುತ್ತಿದ್ದೆ. ಬೆಂಗಳೂರು, ಮುಂಬೈ, ಎಲ್ಲಿಗೋ. ಹೋದವರು ಯಾರು ತಿರುಗಿ ಬಂದಿದ್ದಾರೆ ಹೇಳು? ಆಮೇಲೆ ಸಾಗರದಲ್ಲಿ ನಾನು ಯಾರ ಜೊತೆ ಕೂತು ಸಿನಿಮಾ ನೋಡಲಿ? ನಿನಗೆ ಪ್ರಶಸ್ತಿ ಬರಲಿ ಅಂತ ಬೇಡಿಕೊಳ್ಳುವವನೂ ನಾನೇ, ಬಂದುಬಿಟ್ಟರೆ ಅಂತ ಹೆದರುವವನೂ ನಾನೇ. ಎರಡೂ ನಿಜ.

ಸರಿ, ಸಾಕು. ನಿಮ್ಮಮ್ಮ ಇದನ್ನ ಓದುತ್ತಾರೆ ಅಂತ ಈಗ ನೆನಪಾಯಿತು. ಅಮ್ಮಾ, ನಾವು ಜಗಳ ಆಡಿಲ್ಲ, ಭಾನುವಾರದ ಕೊಟ್ಟೆ ಕಡುಬು ಹಾಗೇ ಇರಲಿ.

ವೆನಿಸ್‌ಗೆ ಕಳಿಸಬೇಡ ಅಂತ ನಾನು ಹೇಳುತ್ತಿಲ್ಲ. ಇನ್ನೊಂದು ಸಲ ಕಳಿಸು. ಇಂಗ್ಲಿಷ್ ಸಬ್‌ಟೈಟಲ್ ಮತ್ತೆ ಕೂತು ತಿದ್ದೋಣ, ಆ ಗದ್ದೆಯ ಜಗಳದ ಭಾಗದಲ್ಲಿ ಅರ್ಧ ಮಾತು ಬಿಟ್ಟುಹೋಗಿದೆ. ಆದರೆ ಈ ಸಲವೂ ಆಗಲಿಲ್ಲ ಅಂದರೆ ಅಡಿಕೆ ಕೊಯ್ಲು ಮುಗಿದ ಮೇಲೆ ಶಾಲೆ ಬಯಲಿನಲ್ಲಿ ಪರದೆ ಕಟ್ಟೋಣ. ಮಾಸ್ತರರನ್ನು ಕೇಳಿದ್ದೇನೆ, ಜಾಗ ಕೊಡುತ್ತಾರಂತೆ. ಪ್ರೊಜೆಕ್ಟರ್ ಬಾಡಿಗೆ ನನ್ನದು. ಅಜ್ಜಿಗೆ ಮುಂದಿನ ಸಾಲಿನಲ್ಲಿ ಒಂದು ಕುರ್ಚಿ. ಭಾಷಣಕ್ಕೆ ಮಾತ್ರ ಯಾರನ್ನೂ ಕರೆಯಬೇಡ, ಕಳೆದ ಸಲದ್ದೇ ಸಾಕಾಗಿದೆ. ಹೂಂ ಅನ್ನು, ಆಮೇಲೆ ದಿನ ಗೊತ್ತು ಮಾಡೋಣ.

ಇಂತಿ,
ನಿನ್ನ ಗೆಳೆಯ