ಪಕ್ಷಗಳ ನಿಲುವನ್ನು ಬರಹದಲ್ಲಿ ಕೇಳಿ, ಪಕ್ಕಪಕ್ಕದಲ್ಲಿ ಮುದ್ರಿಸಿ

ಮಾನ್ಯ ಸಂಪಾದಕರೇ,

ಜಿಲ್ಲಾ ಮತ್ತು ತಾಲ್ಲೂಕು ಪಂಚಾಯಿತಿ ಚುನಾವಣೆಯ ಮಾತು ಮತ್ತೆ ಕೇಳಿಬರುತ್ತಿದ್ದಂತೆ, ಯಾವ ಕ್ಷೇತ್ರಕ್ಕೆ ಯಾರು ಆಕಾಂಕ್ಷಿ, ಯಾವ ಸಮುದಾಯದ ಮತ ಎಷ್ಟು, ಯಾರ ಮುನಿಸಿನಿಂದ ಯಾರಿಗೆ ಲಾಭ ಎಂಬ ಲೆಕ್ಕಾಚಾರಗಳು ತಮ್ಮ ಪತ್ರಿಕೆಯ ಜಿಲ್ಲಾ ಪುಟವನ್ನು ತುಂಬತೊಡಗಿವೆ. ಅದಕ್ಕೆ ನನ್ನ ಆಕ್ಷೇಪವೇನಿಲ್ಲ. ಮಂಡ್ಯದವರಿಗೆ ರಾಜಕೀಯದ ಹರಟೆಯಿಲ್ಲದೆ ಬೆಳಗಿನ ಕಾಫಿ ಗಂಟಲಲ್ಲಿ ಇಳಿಯುವುದಿಲ್ಲ. ಆದರೆ ಇಷ್ಟೆಲ್ಲ ಓದಿದ ಮೇಲೂ ನಮ್ಮ ನಾಲೆ, ಕಬ್ಬು, ಜಮೀನು, ಮಕ್ಕಳ ಉದ್ಯೋಗ ಇವುಗಳ ಬಗ್ಗೆ ಯಾವ ಪಕ್ಷ ಏನು ಹೇಳುತ್ತದೆ ಎಂಬುದು ನನಗೆ ತಿಳಿಯಲಿಲ್ಲ. ಆ ಬಗ್ಗೆ ಒಂದು ಕೋರಿಕೆ ಸಲ್ಲಿಸಲು ಈ ಪತ್ರ.

ನಾನು ಮದ್ದೂರು ತಾಲ್ಲೂಕಿನವನು. ಪ್ರೌಢಶಾಲೆಯಲ್ಲಿ ಪಾಠ ಹೇಳಿ ನಿವೃತ್ತನಾಗಿ ಈಗ ವಿಶ್ವೇಶ್ವರಯ್ಯ (ವಿ.ಸಿ.) ನಾಲೆಯ ಕೊನೆಯ ಭಾಗದಲ್ಲಿ ಎರಡು ಎಕರೆ ಹತ್ತು ಗುಂಟೆ ಸಾಗುವಳಿ ಮಾಡಿಕೊಂಡಿದ್ದೇನೆ. ಕರಪತ್ರಗಳನ್ನು ಎಸೆಯದೆ ಇಟ್ಟುಕೊಳ್ಳುವುದು ಮೇಷ್ಟರ ಹಳೆಯ ಚಟ. ಕಳೆದ ವಾರ 2023 ಮತ್ತು 2024ರ ಚುನಾವಣೆಗಳಲ್ಲಿ ಮನೆ ಬಾಗಿಲಿಗೆ ಬಂದಿದ್ದ ಕರಪತ್ರಗಳಲ್ಲಿ ಮೂರನ್ನು ಆಯ್ದು, ಚಿಹ್ನೆ, ಭಾವಚಿತ್ರ, ಬಣ್ಣದ ಅಂಚು ಕಾಣದಂತೆ ಕಾಗದ ಮಡಚಿ, ಬರಹವನ್ನಷ್ಟೇ ಸೊಸೆಯ ಮುಂದಿಟ್ಟು ಯಾವುದು ಯಾವ ಪಕ್ಷದ್ದು ಹೇಳು ಎಂದೆ. ಎಂ.ಎ. ಓದಿದ ಹುಡುಗಿ, ಮೂರನ್ನೂ ತಪ್ಪು ಹೇಳಿದಳು. ಮೂರರಲ್ಲಿಯೂ ಇದ್ದದ್ದು ‘ರೈತರ ಹಿತ ಕಾಯಲು ಬದ್ಧ’, ‘ಕಾವೇರಿ ವಿಷಯದಲ್ಲಿ ರಾಜಿಯಿಲ್ಲ’, ‘ಯುವಕರಿಗೆ ಉದ್ಯೋಗ’ ಎಂಬ ಸಾಲುಗಳೇ. ಬದ್ಧ ಎಂಬ ಶಬ್ದವನ್ನು ಎಣಿಸಿದೆ, ಹನ್ನೊಂದು ಸಲ ಇತ್ತು. ತೂಬು ಎಂಬ ಶಬ್ದ ಒಮ್ಮೆಯೂ ಇರಲಿಲ್ಲ.

ಕಾವೇರಿಯಿಂದಲೇ ಆರಂಭಿಸುತ್ತೇನೆ. 2012ರ ಸೆಪ್ಟೆಂಬರ್‌ನಲ್ಲಿ, ಅಂದಿನ ಪ್ರಧಾನಿಯವರ ಅಧ್ಯಕ್ಷತೆಯ ಕಾವೇರಿ ನದಿ ಪ್ರಾಧಿಕಾರವು ತಮಿಳುನಾಡಿಗೆ ದಿನಕ್ಕೆ 9,000 ಕ್ಯುಸೆಕ್ ನೀರು ಬಿಡಬೇಕೆಂದಾಗ ದೆಹಲಿಯಲ್ಲಿ ಇದ್ದದ್ದು ಕಾಂಗ್ರೆಸ್ ನೇತೃತ್ವದ ಸರ್ಕಾರ, ಬೆಂಗಳೂರಿನಲ್ಲಿ ಇದ್ದದ್ದು ಜಗದೀಶ ಶೆಟ್ಟರ್ ಅವರ ಬಿಜೆಪಿ ಸರ್ಕಾರ. 2023ರ ಸೆಪ್ಟೆಂಬರ್‌ನಲ್ಲಿ 5,000 ಕ್ಯುಸೆಕ್ ಬಿಡಬೇಕೆಂಬ ಆದೇಶ ಬಂದು ಮಂಡ್ಯ ಬಂದ್ ಆದಾಗ ಪಾತ್ರಗಳು ಪೂರ್ತಿ ತಿರುಗಿದ್ದವು: ಇಲ್ಲಿ ಕಾಂಗ್ರೆಸ್, ಅಲ್ಲಿ ಬಿಜೆಪಿ. ಇಲ್ಲಿ ಅಧಿಕಾರದಲ್ಲಿದ್ದವರು ಎರಡು ಸಲವೂ ನ್ಯಾಯಾಲಯದ ಭಯ ಹೇಳಿ ನೀರು ಬಿಟ್ಟರು, ಅಧಿಕಾರದಲ್ಲಿ ಇಲ್ಲದವರು ಮಂಡ್ಯದ ಸಂಜಯ ವೃತ್ತಕ್ಕೆ ಬಂದು ಕೂಗಿದರು. ನೀರು ಬಿಟ್ಟದ್ದು ತಪ್ಪೆಂದೇ ನಾನು ವಾದಿಸುತ್ತಿಲ್ಲ. ಸುಪ್ರೀಂ ಕೋರ್ಟ್ 2018ರ ಫೆಬ್ರುವರಿ 16ರ ತೀರ್ಪಿನಲ್ಲಿ ಕರ್ನಾಟಕದ ಪಾಲನ್ನು 270ರಿಂದ 284.75 ಟಿಎಂಸಿ ಅಡಿಗೆ ಏರಿಸಿ, ತಮಿಳುನಾಡಿನ ಗಡಿಯ ಬಿಳಿಗುಂಡ್ಲುವಿನಲ್ಲಿ ಹರಿಸಬೇಕಾದ ನೀರನ್ನು 177.25 ಟಿಎಂಸಿ ಅಡಿಗೆ ನಿಗದಿ ಮಾಡಿರುವಾಗ ಯಾವ ಮುಖ್ಯಮಂತ್ರಿಗೂ ಹೆಚ್ಚು ದಾರಿಗಳಿಲ್ಲ. ಆದರೆ ಆ ಲೆಕ್ಕ ಮಳೆ ಸರಿಯಾಗಿ ಬಿದ್ದ ವರ್ಷದ್ದು. ಮಳೆ ಕೈಕೊಟ್ಟ ವರ್ಷ ಕೊರತೆಯನ್ನು ಯಾವ ತಿಂಗಳು ಯಾರು ಎಷ್ಟು ಹೊರಬೇಕೆಂಬ ಸಂಕಷ್ಟ ಸೂತ್ರದ ಮೇಲೆಯೇ ನಮ್ಮ ಬೆಳೆಯ ಅಳಿವು ಉಳಿವು ನಿಂತಿದೆ. ಆ ಸೂತ್ರ ಹೇಗಿರಬೇಕೆಂದು ಕಾಂಗ್ರೆಸ್, ಬಿಜೆಪಿ, ಜೆಡಿಎಸ್ ಮೂರರಲ್ಲಿ ಯಾವೊಂದು ಪಕ್ಷವೂ ನಮ್ಮ ಮುಂದೆ ಒಂದು ಹಾಳೆಯ ಪ್ರಸ್ತಾವ ಇಟ್ಟದ್ದನ್ನು ನಾನು ನೋಡಿಲ್ಲ. 2023ರ ಮರುವರ್ಷದ ಬೇಸಿಗೆ ಬೆಳೆಗೆ ನೀರಿಲ್ಲವಾಗಿ ನನ್ನ ಗದ್ದೆ ಬೀಳು ಬಿತ್ತು. ಒಟ್ಲು ಪಾತಿಗೆಂದು (ಸಸಿಮಡಿಗೆಂದು) ತಂದಿಟ್ಟಿದ್ದ ಬಿತ್ತನೆ ಭತ್ತವನ್ನು ಕೊನೆಗೆ ಮಿಲ್ಲಿಗೆ ಹಾಕಿಸಿ ಊಟ ಮಾಡಿದೆವು.

ಮೇಕೆದಾಟು ಅಣೆಕಟ್ಟಿನ ವಿಷಯದಲ್ಲಿಯೂ ಒಂದು ಮಾತನ್ನು ಸ್ಪಷ್ಟಪಡಿಸಬೇಕು. 2022ರಲ್ಲಿ ‘ನಮ್ಮ ನೀರು ನಮ್ಮ ಹಕ್ಕು’ ಎಂದು ಸಂಗಮದಿಂದ ಪಾದಯಾತ್ರೆ ಮಾಡಿದ ಕಾಂಗ್ರೆಸ್ಸಾಗಲಿ, ಅದೇ ವರ್ಷ ಬಜೆಟ್‌ನಲ್ಲಿ 1,000 ಕೋಟಿ ರೂಪಾಯಿ ಘೋಷಿಸಿದ ಅಂದಿನ ಬಿಜೆಪಿ ಸರ್ಕಾರವಾಗಲಿ ಅಣೆಕಟ್ಟು ಬೇಡ ಎಂದಿಲ್ಲ. ಜೆಡಿಎಸ್ ಕೂಡ ಅದರ ಪರವೇ. ಹಾಗಿದ್ದೂ ನಮ್ಮೂರಿನಲ್ಲಿ ಅರ್ಧ ಜನ ಮೇಕೆದಾಟು ಕಟ್ಟಿದರೆ ತಮ್ಮ ಗದ್ದೆಗೆ ನೀರು ಬರುತ್ತದೆಂದು ನಂಬಿದ್ದಾರೆ. ಅದು ಕೆಆರ್‌ಎಸ್‌ಗಿಂತ ಕೆಳಗೆ, ಕನಕಪುರದ ಕಡೆ ಕಟ್ಟಬೇಕಾದ 67.16 ಟಿಎಂಸಿ ಅಡಿಯ ಸಮತೋಲನ ಜಲಾಶಯ. ಉದ್ದೇಶ ಬೆಂಗಳೂರಿನ ಕುಡಿಯುವ ನೀರು ಮತ್ತು ವಿದ್ಯುತ್. ತಮಿಳುನಾಡಿಗೆ ತಿಂಗಳ ಲೆಕ್ಕದಲ್ಲಿ ಬಿಡಬೇಕಾದ ನೀರನ್ನು ಅಲ್ಲಿಂದ ಸರಿದೂಗಿಸಿದರೆ ಕೆಆರ್‌ಎಸ್ ಮೇಲಿನ ಒತ್ತಡ ಇಳಿಯಬಹುದು ಎಂಬುದಷ್ಟೇ ನಮಗಿರುವ ಲಾಭ, ಅದೂ ಜಲಾಶಯ ನಿರ್ವಹಿಸುವವರು ಹಾಗೆ ಮನಸ್ಸು ಮಾಡಿದರೆ. ಇದನ್ನು ಮಂಡ್ಯದ ವೇದಿಕೆಯಲ್ಲಿ ನಿಂತು ಬಿಡಿಸಿ ಹೇಳಿದ ನಾಯಕರನ್ನು ನಾನಂತೂ ಕೇಳಿಲ್ಲ. ಹೇಳಿದರೆ ಚಪ್ಪಾಳೆ ಬೀಳುವುದಿಲ್ಲ.

ನೀರಿನ ಜಗಳಕ್ಕೆ ಪಕ್ಕದ ರಾಜ್ಯ ಬೇಕು. ನಾಲೆಗೆ ತಡೆಗೋಡೆ ಕಟ್ಟಲು ಯಾವ ರಾಜ್ಯದ ಒಪ್ಪಿಗೆ ಬೇಕು? 2018ರ ನವೆಂಬರ್ 24ರಂದು ಪಾಂಡವಪುರ ತಾಲ್ಲೂಕಿನ ಕನಗನಮರಡಿ ಬಳಿ ಬಸ್ಸು ವಿ.ಸಿ. ನಾಲೆಗೆ ಉರುಳಿ 30 ಜನ ಸತ್ತರು; ಅವರಲ್ಲಿ ಶಾಲೆ ಬಿಟ್ಟು ಮನೆಗೆ ಹೊರಟಿದ್ದ ಮಕ್ಕಳಿದ್ದರು. ಆಗ ಜೆಡಿಎಸ್–ಕಾಂಗ್ರೆಸ್ ಮೈತ್ರಿ ಸರ್ಕಾರ ಇತ್ತು, ಜಿಲ್ಲೆಯ ಏಳೂ ಶಾಸಕರು ಜೆಡಿಎಸ್‌ನವರು. ಅನಂತರ ಬಿಜೆಪಿ ಬಂತು, ಅನಂತರ ಕಾಂಗ್ರೆಸ್ ಬಂತು. 2023ರ ನವೆಂಬರ್‌ನಲ್ಲಿ ಅದೇ ತಾಲ್ಲೂಕಿನ ಬನಘಟ್ಟದ ಬಳಿ ಕಾರೊಂದು ಅದೇ ನಾಲೆಗೆ ಬಿದ್ದು ಐವರು ಸತ್ತರು. ನಮ್ಮ ಕಡೆಯ ಉಪನಾಲೆಯ ಏರಿಯ ಮೇಲೆ, ತಿರುವಿನಲ್ಲಿ, ಯಾರೋ ಪುಣ್ಯಾತ್ಮರು ಎರಡು ಕಲ್ಲುಚಪ್ಪಡಿ ನಿಲ್ಲಿಸಿ ಸುಣ್ಣ ಬಳಿದಿದ್ದಾರೆ. ಹಾಲು ಹಾಕಲು ಕತ್ತಲಲ್ಲಿ ಡೇರಿಗೆ ಹೋಗುವಾಗ ನಮ್ಮ ಸ್ಕೂಟರಿನ ದೀಪಕ್ಕೆ ಕಾಣುವ ತಡೆಗೋಡೆ ಅದೊಂದೇ. ಇದಕ್ಕೆ ಯಾವ ಪಕ್ಷದ ವಿರೋಧವೂ ಇಲ್ಲ, ಆದ್ದರಿಂದಲೇ ಯಾವ ಪಕ್ಷಕ್ಕೂ ಆತುರವಿಲ್ಲ ಎಂದು ನನಗೆ ಅನಿಸುತ್ತದೆ.

ಕಬ್ಬಿನದು ಬೇರೆ ಬಗೆಯ ಆಟ. ಕೇಂದ್ರ ಸರ್ಕಾರ 2025–26ನೇ ಹಂಗಾಮಿಗೆ ನಿಗದಿ ಮಾಡಿದ ನ್ಯಾಯಯುತ ಮತ್ತು ಲಾಭದಾಯಕ ಬೆಲೆ ಶೇ 10.25ರ ಸಕ್ಕರೆ ಇಳುವರಿಗೆ ಟನ್ನಿಗೆ 3,550 ರೂಪಾಯಿ. ಅದರಿಂದ ಕಟಾವು ಮತ್ತು ಸಾಗಣೆಯ ಖರ್ಚು ಕಳೆದು ಉಳಿದದ್ದು ಬೆಳೆಗಾರನದು. ಉತ್ತರ ಪ್ರದೇಶ, ಪಂಜಾಬ್, ಹರಿಯಾಣದಲ್ಲಿ ರಾಜ್ಯವೇ ಅದಕ್ಕಿಂತ ಹೆಚ್ಚಿನ ಬೆಲೆ ಹೇಳುವ ಪದ್ಧತಿ ಇದೆ. ನಮ್ಮಲ್ಲಿ ಅದು ನೆಲೆಗೊಂಡಿಲ್ಲ. ಕಬ್ಬು ಪೂರೈಸಿದ 14 ದಿನಗಳೊಳಗೆ ಹಣ ಕೊಡಬೇಕು, ತಪ್ಪಿದರೆ ವಾರ್ಷಿಕ ಶೇ 15ರ ಬಡ್ಡಿ ಸೇರಿಸಬೇಕು ಎಂದು 1966ರ ಕಬ್ಬು ನಿಯಂತ್ರಣ ಆದೇಶ ಹೇಳುತ್ತದೆ. ಹಿಂದೊಂದು ಹಂಗಾಮಿನಲ್ಲಿ ನನ್ನ ಒಂದೂವರೆ ಎಕರೆ ಕಬ್ಬು ಕಟಾವಿನ ಸರದಿ ಬಾರದೆ ಸೂಲಂಗಿ (ಹೂ) ಬಂದು ನಿಂತು, ಬಳ್ಳಾರಿ ಕಡೆಯ ಗ್ಯಾಂಗಿನವರಿಗೆ ಕೈಯಿಂದ ಬೇರೆ ಹಣ ಕೊಟ್ಟು ಕಡಿಸಿ, ಒಂದು ಕಾರ್ಖಾನೆಗೆ ಸಾಗಿಸಿ, ಬಿಲ್ಲಿಗಾಗಿ ಮೂರು ತಿಂಗಳು ಅಲೆದೆ. ಬಡ್ಡಿಯ ಮುಖವನ್ನು ಇಂದಿಗೂ ಕಂಡಿಲ್ಲ. ಕೇಳಿದರೆ, ಬೆಲೆ ನಿಗದಿ ಕೇಂದ್ರದ್ದು ಎಂದು ರಾಜ್ಯದಲ್ಲಿ ಆಳುವವರೂ, ಬಾಕಿ ಕೊಡಿಸುವ ಅಧಿಕಾರ ರಾಜ್ಯದ್ದು ಎಂದು ಕೇಂದ್ರದಲ್ಲಿ ಆಳುವವರೂ ಹೇಳುತ್ತಾರೆ. ಎರಡೂ ನಿಜವೇ. ಬೆಳೆಗಾರ ಮಾತ್ರ ಎರಡು ನಿಜಗಳ ನಡುವೆ ಸಿಕ್ಕಿಬಿದ್ದಿದ್ದಾನೆ.

1933ರಲ್ಲಿ ಆರಂಭವಾದ ಮಂಡ್ಯದ ಸರ್ಕಾರಿ ಸಕ್ಕರೆ ಕಾರ್ಖಾನೆ ಮೈಷುಗರ್ ಈ ಜಿಲ್ಲೆಯ ಪ್ರತಿ ಚುನಾವಣೆಯಲ್ಲಿಯೂ ವೇದಿಕೆ ಏರುತ್ತದೆ. ಅದನ್ನು ಖಾಸಗಿಯವರ ನಿರ್ವಹಣೆಗೆ ಒಪ್ಪಿಸುವ ಮಾತು ಎದ್ದದ್ದೂ, ಹೋರಾಟದ ಬಳಿಕ ಸರ್ಕಾರವೇ ನಡೆಸುತ್ತದೆಂದು ತೀರ್ಮಾನವಾಗಿ 2022ರಲ್ಲಿ ಮತ್ತೆ ಕಬ್ಬು ಅರೆದದ್ದೂ ಒಂದೇ ಬಿಜೆಪಿ ಆಡಳಿತದಲ್ಲಿ. ಪಾಂಡವಪುರದ ಸಹಕಾರಿ ಕಾರ್ಖಾನೆ 2020ರಲ್ಲಿ 40 ವರ್ಷಗಳ ಗುತ್ತಿಗೆಗೆ ಹೋಯಿತು. ಹಾಗಾದರೆ ಕಾರ್ಖಾನೆಗಳು ಯಾರ ಕೈಯಲ್ಲಿರಬೇಕು ಎಂಬುದರಲ್ಲಿ ಪ್ರತಿ ಪಕ್ಷದ ತತ್ವ ಯಾವುದು?

ಜಮೀನಿನ ವಿಷಯದಲ್ಲಿ ಪಕ್ಷಗಳ ನಡೆ ದಾಖಲೆಯಲ್ಲಿದೆ, ಆದರೆ ಜನರ ನೆನಪಿನಲ್ಲಿಲ್ಲ. ಕೃಷಿಕರಲ್ಲದವರು ಕೃಷಿ ಭೂಮಿ ಕೊಳ್ಳಲು ಇದ್ದ ತಡೆಯನ್ನು 2020ರಲ್ಲಿ ಬಿಜೆಪಿ ಸರ್ಕಾರ ತೆಗೆದುಹಾಕಿತು. ಹುಣಸೂರಿನ ದೇವರಾಜ ಅರಸರ ಕಾಲದ ಭೂಸುಧಾರಣೆಯನ್ನು ಕಂಡಿದ್ದ ನಮ್ಮ ತಲೆಮಾರಿಗೆ ಅದು ಸಣ್ಣ ಸಂಗತಿಯಾಗಿರಲಿಲ್ಲ. ರೈತರ ಪಕ್ಷವೆಂದು ಹೇಳಿಕೊಳ್ಳುವ ಜೆಡಿಎಸ್ ಆ ಡಿಸೆಂಬರ್‌ನಲ್ಲಿ ವಿಧಾನ ಪರಿಷತ್ತಿನಲ್ಲಿ ಮಸೂದೆಯನ್ನು ಬೆಂಬಲಿಸಿತು. ವಿರೋಧಿಸಿದ ಕಾಂಗ್ರೆಸ್, ಬಿಜೆಪಿ ಕಾಲದ ಜನವಿರೋಧಿ ಕಾನೂನುಗಳನ್ನು ಒಂದು ವರ್ಷದೊಳಗೆ ರದ್ದು ಮಾಡುವುದಾಗಿ 2023ರ ಪ್ರಣಾಳಿಕೆಯಲ್ಲಿ ಬರೆಯಿತು. ಭೂಸುಧಾರಣೆ ತಿದ್ದುಪಡಿ ಮಾತ್ರ ಹಾಗೆಯೇ ಉಳಿದಿದೆ. ಎಕ್ಸ್‌ಪ್ರೆಸ್‌ವೇ ಬಂದ ಮೇಲೆ ಮದ್ದೂರು, ಶ್ರೀರಂಗಪಟ್ಟಣದ ಕಡೆ ಗದ್ದೆಗಳಿಗೆ ಬೇಲಿ ಏಳುತ್ತಿರುವುದನ್ನು ನೋಡುತ್ತಿದ್ದೇವೆ. ಆ ಹೆದ್ದಾರಿಗೆ ನಮ್ಮ ಟ್ರ್ಯಾಕ್ಟರಿಗೂ ಪ್ರವೇಶವಿಲ್ಲ, ಸ್ಕೂಟರಿಗೂ ಇಲ್ಲ.

ಇನ್ನು ಉದ್ಯೋಗ. 2024ರ ಲೋಕಸಭಾ ಚುನಾವಣೆಗೆ ಮೊದಲು ಲೋಕನೀತಿ–ಸಿಎಸ್‌ಡಿಎಸ್ ದೇಶದಾದ್ಯಂತ ನಡೆಸಿದ ಸಮೀಕ್ಷೆಯಲ್ಲಿ ಶೇ 27ರಷ್ಟು ಜನ ನಿರುದ್ಯೋಗವನ್ನೂ ಶೇ 23ರಷ್ಟು ಜನ ಬೆಲೆ ಏರಿಕೆಯನ್ನೂ ಅತಿ ಮುಖ್ಯ ವಿಷಯವೆಂದಿದ್ದರು. ನಮ್ಮಲ್ಲಿ ನಿರುದ್ಯೋಗಕ್ಕೆ ಇನ್ನೊಂದು ಹೆಸರಿದೆ: ಹೆಣ್ಣು ಸಿಗದಿರುವುದು. 2023ರ ಫೆಬ್ರುವರಿಯಲ್ಲಿ ಮದುವೆಯಾಗದ ರೈತ ಯುವಕರು ಮದ್ದೂರು ತಾಲ್ಲೂಕಿನಿಂದ ಮಲೆ ಮಹದೇಶ್ವರ ಬೆಟ್ಟಕ್ಕೆ ಬ್ರಹ್ಮಚಾರಿಗಳ ಪಾದಯಾತ್ರೆ ಹೊರಟಾಗ ಪಟ್ಟಣದವರು ನಕ್ಕರು. ರೈತರ ಮಕ್ಕಳನ್ನು ಮದುವೆಯಾಗುವ ಹೆಣ್ಣುಮಕ್ಕಳಿಗೆ ಎರಡು ಲಕ್ಷ ರೂಪಾಯಿ ಕೊಡುವುದಾಗಿ ಕುಮಾರಸ್ವಾಮಿಯವರು ಘೋಷಿಸಿದಾಗ ಮತ್ತಷ್ಟು ನಕ್ಕರು. ಅದೇ ವರ್ಷದ ಕೊನೆಯಲ್ಲಿ ಮಂಡ್ಯ ತಾಲ್ಲೂಕಿನ ಆಲೆಮನೆಯೊಂದರಲ್ಲಿ ಯಂತ್ರವಿಟ್ಟು ಭ್ರೂಣದ ಲಿಂಗ ಪತ್ತೆ ಮಾಡುತ್ತಿದ್ದ ಜಾಲ ಬೆಂಗಳೂರು ಪೊಲೀಸರ ಕೈಗೆ ಸಿಕ್ಕಿಬಿದ್ದಾಗ ನಗು ನಿಂತಿತು. ಬೆಲ್ಲ ಕಾಯಿಸುವ ಜಾಗದಲ್ಲಿ ಹೆಣ್ಣು ಬೇಡವೆಂಬ ತೀರ್ಮಾನಗಳಾಗುತ್ತಿದ್ದವು. ಕೆಲವು ದಿನ ಗದ್ದಲವಾಯಿತು, ತನಿಖೆಯ ಮಾತು ಬಂತು. ಆದರೆ ಹೆಣ್ಣು ಹುಟ್ಟದಂತೆ ನೋಡಿಕೊಂಡ ಮನೆಗಳೇ ಇಂದು ಹೆಣ್ಣು ಹುಡುಕುತ್ತಿವೆ ಎಂಬ ಮಾತನ್ನು ಮತ ಕೇಳಲು ಬಂದ ಯಾರೂ ನಮ್ಮ ಬೀದಿಯಲ್ಲಿ ಆಡಲಿಲ್ಲ. ಇದರಲ್ಲಿ ಮತದಾರರಾದ ನಮ್ಮ ಪಾಲೂ ಇದೆ. ಆಡಿದ್ದರೆ ಅವರಿಗೆ ಕುಡಿಯಲು ನೀರನ್ನೂ ಕೊಡದೆ ಕಳಿಸುತ್ತಿದ್ದೆವೇನೋ.

ಪಕ್ಷಗಳೆಲ್ಲ ಒಂದೇ ಎಂಬ ಹಳೆಯ ರಾಗವನ್ನು ನಾನು ಹಾಡುತ್ತಿಲ್ಲ. ಗ್ಯಾರಂಟಿಗಳನ್ನೇ ನೋಡಿ. ಅವುಗಳ ಬಗ್ಗೆ ನನಗೆ ತಕರಾರುಗಳಿವೆ. 2024–25ರ ಬಜೆಟ್‌ನಲ್ಲಿ ಅವುಗಳಿಗೆ ಸುಮಾರು 52,000 ಕೋಟಿ ರೂಪಾಯಿ ತೆಗೆದಿಟ್ಟದ್ದು ನಾಲೆ, ರಸ್ತೆಯ ಕೆಲಸಗಳನ್ನು ಹಿಂದಕ್ಕೆ ತಳ್ಳಿತೆಂಬ ಅನುಮಾನವೂ ಇದೆ. ನನ್ನ ಹೆಂಡತಿ ಅದೇ ಶಕ್ತಿ ಯೋಜನೆಯ ಬಸ್ಸಿನಲ್ಲಿ ತಿಂಗಳಿಗೊಮ್ಮೆ ಮೈಸೂರಿಗೆ ಕಣ್ಣಿನ ಪರೀಕ್ಷೆಗೆ ಒಬ್ಬಳೇ ಹೋಗಿಬರುತ್ತಾಳೆ ಎಂಬುದೂ ನಿಜ. ಆದರೆ 200 ಯೂನಿಟ್, 2,000 ರೂಪಾಯಿ, 10 ಕೆ.ಜಿ. ಅಕ್ಕಿ ಎಂದು ಅಂಕಿ ಇಟ್ಟು ಬರೆದಿದ್ದರಿಂದಲೇ, ಒಂದು ತಿಂಗಳು ಹಣ ತಡವಾದರೂ ನಮ್ಮೂರಿನ ಹೆಂಗಸರು ಬ್ಯಾಂಕಿನ ಮುಂದೆ ನಿಂತು ಲೆಕ್ಕ ಕೇಳುತ್ತಾರೆ. ಬಿಜೆಪಿ ತನ್ನ ಪ್ರಣಾಳಿಕೆಯಲ್ಲಿ ದಿನಕ್ಕೆ ಅರ್ಧ ಲೀಟರ್ ನಂದಿನಿ ಹಾಲು, ವರ್ಷಕ್ಕೆ ಮೂರು ಸಿಲಿಂಡರ್ ಎಂದು ಬರೆದದ್ದೂ ಇದೇ ಜಾತಿಯದು. ಕೊಡುವ ವಿಷಯದಲ್ಲಿ ಇಷ್ಟು ಖಚಿತವಾಗಿ ಬರೆಯಬಲ್ಲವರು ನಾಲೆ, ಬಾಕಿ ಬಿಲ್ಲು, ಭೂಮಿಯ ವಿಷಯಕ್ಕೆ ಬಂದೊಡನೆ ‘ಬದ್ಧ’ರಾಗಿಬಿಡುತ್ತಾರೆ.

ಇವೆಲ್ಲವನ್ನೂ ಕೇಳಲು ಹತ್ತಿರದ ಜಾಗ ಜಿಲ್ಲಾ ಪಂಚಾಯಿತಿಯ ಸಭೆಯಾಗಿತ್ತು. ಅದಕ್ಕೆ ಕೊನೆಯದಾಗಿ ಮತ ಹಾಕಿದ್ದು 2016ರಲ್ಲಿ. ಅವಧಿ ಮುಗಿದದ್ದು 2021ರಲ್ಲಿ. ಐದು ವರ್ಷ ತುಂಬುವ ಮೊದಲೇ ಚುನಾವಣೆ ಆಗಬೇಕೆಂದು ಸಂವಿಧಾನದ 243–ಇ ವಿಧಿ ಹೇಳುತ್ತಿದ್ದರೂ ಕ್ಷೇತ್ರ ವಿಂಗಡಣೆ, ಮೀಸಲಾತಿ ಎಂದು ಮೊದಲು ಬಿಜೆಪಿ ಸರ್ಕಾರವೂ ಬಳಿಕ ಕಾಂಗ್ರೆಸ್ ಸರ್ಕಾರವೂ ದಿನ ತಳ್ಳಿದವು. ಮೈಸೂರು ಮಹಾನಗರ ಪಾಲಿಕೆಯ ಅವಧಿ 2023ರ ನವೆಂಬರ್‌ನಲ್ಲಿ ಮುಗಿದ ಮೇಲೆ ಅಲ್ಲಿಯೂ ಅಧಿಕಾರಿಗಳ ಆಡಳಿತವೇ ಬಂತು.

ಆದ್ದರಿಂದ ನನ್ನ ಕೋರಿಕೆ ಇಷ್ಟು. ಚುನಾವಣೆ ಯಾವಾಗಲೇ ಘೋಷಣೆಯಾಗಲಿ, ಅದಕ್ಕೆ ಮೊದಲು ತಾವು ಕಾಂಗ್ರೆಸ್, ಬಿಜೆಪಿ, ಜೆಡಿಎಸ್ ಮತ್ತು ರೈತ ಸಂಘದವರ ಸರ್ವೋದಯ ಕರ್ನಾಟಕ ಪಕ್ಷದ ಜಿಲ್ಲಾ ಘಟಕಗಳಿಗೆ ಒಂದೇ ಪ್ರಶ್ನಾವಳಿ ಕಳಿಸಿ, ಉತ್ತರವನ್ನು ಬರಹದಲ್ಲಿಯೇ ಪಡೆಯಬೇಕು. ಮಳೆ ಕೊರತೆಯ ವರ್ಷ ಮೊದಲ ನೀರು ಯಾರಿಗೆ, ಕೊನೆಯ ಭಾಗದ ತೂಬಿಗೆ ಕಟ್ಟು ನೀರು (ಸರದಿಯ ನೀರು) ತಲುಪಿಸುವ ಹೊಣೆ ಯಾರದು. ಕಬ್ಬಿನ ಬಿಲ್ಲು 14 ದಿನ ಮೀರಿದರೆ ಬಡ್ಡಿಯನ್ನು ಯಾರು ವಸೂಲು ಮಾಡಿಕೊಡುತ್ತಾರೆ. 2020ರ ಭೂ ತಿದ್ದುಪಡಿ ಇರಬೇಕೋ ಹೋಗಬೇಕೋ. ನಾಲೆಯ ತಡೆಗೋಡೆ ಯಾವ ವರ್ಷ ಮುಗಿಯುತ್ತದೆ. ಉತ್ತರದ ಪಕ್ಕದಲ್ಲಿಯೇ ಆ ಪಕ್ಷ ಅಧಿಕಾರದಲ್ಲಿದ್ದಾಗ ಅದೇ ವಿಷಯದಲ್ಲಿ ಏನು ಮಾಡಿತ್ತೆಂಬುದನ್ನು ತಮ್ಮ ಹಳೆಯ ಸಂಚಿಕೆಗಳಿಂದ ತೆಗೆದು ಎರಡು ಸಾಲು ಹಾಕಿದರೆ ಸಾಕು. ವಿಶ್ಲೇಷಣೆ ಬೇಡ, ಅದನ್ನು ನಮ್ಮ ಡೇರಿಯ ಜಗುಲಿಯಲ್ಲಿ ನಾವೇ ಮಾಡಿಕೊಳ್ಳುತ್ತೇವೆ. ಉತ್ತರ ಕಳಿಸದ ಪಕ್ಷದ ಅಂಕಣವನ್ನು ಜಾಹೀರಾತಿನಿಂದ ತುಂಬದೆ ಖಾಲಿಯಾಗಿಯೇ ಮುದ್ರಿಸಬೇಕೆಂದು ವಿನಂತಿ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ಶಿಕ್ಷಕ ಮತ್ತು ಕಬ್ಬು ಬೆಳೆಗಾರ
ಮದ್ದೂರು ತಾಲ್ಲೂಕು, ಮಂಡ್ಯ ಜಿಲ್ಲೆ