ಹಿಮನರಿಗೆ ಚಳಿಯ ಚಿಂತೆಯಿಲ್ಲ

ಪ್ರಿಯ ಗೆಳೆಯನಿಗೆ,

ಮೂರು-ನಾಲ್ಕು ಕಿಲೋ ತೂಗುವ ಹಿಮನರಿ ಉತ್ತರ ಧ್ರುವ ಪ್ರದೇಶದ ಚಳಿಗಾಲವನ್ನು ದೀರ್ಘನಿದ್ದೆಗೆ ಜಾರದೆ ಹೇಗೆ ಕಳೆಯುತ್ತದೆ ಎಂದು ಕೇಳಿದ್ದೆಯಲ್ಲ. ಓದಿದಷ್ಟೂ ನನಗೆ ಸ್ಪಷ್ಟವಾಗುತ್ತಿರುವುದೇನೆಂದರೆ, ಅದನ್ನು ಕಾಡುವುದು ಚಳಿಗಿಂತ ಹೆಚ್ಚಾಗಿ ಹಸಿವು.

ಚಳಿಗೆ ಅದರ ದೇಹವೇ ಸಜ್ಜಾಗಿದೆ. ಮೂತಿ, ಕಿವಿ, ಕಾಲುಗಳೆಲ್ಲ ಮೋಟಾಗಿರುವುದರಿಂದ ಶಾಖ ಸೋರಿಹೋಗುವ ಮೇಲ್ಮೈ ಕಡಿಮೆ. ಚಳಿಗಾಲದ ತುಪ್ಪಳದ ಶೇಕಡಾ 70ರಷ್ಟು ಭಾಗ, ಗಾಳಿಯನ್ನು ಹಿಡಿದಿಡುವ ನವಿರಾದ ಒಳಗೂದಲು. ಇವೆಲ್ಲಕ್ಕಿಂತ ನನಗೆ ಸೋಜಿಗವೆನಿಸಿದ್ದು ಅದರ ಪಾದ. ಕಾಲಿಗಿಳಿಯುವ ಬಿಸಿರಕ್ತದ ನಾಳಗಳೂ ಅಲ್ಲಿಂದ ಮರಳುವ ತಣ್ಣನೆಯ ರಕ್ತದ ನಾಳಗಳೂ ಒಂದಕ್ಕೊಂದು ಒತ್ತಿಕೊಂಡು ಸಾಗುವುದರಿಂದ, ಇಳಿಯುವ ರಕ್ತ ತನ್ನ ಶಾಖವನ್ನು ದಾರಿಯಲ್ಲೇ ಏರುವ ರಕ್ತಕ್ಕೆ ಒಪ್ಪಿಸಿಬಿಡುತ್ತದೆ. ಪಾದವನ್ನು ಬೆಚ್ಚಗಿಡುವ ದುಂದುಗಾರಿಕೆ ಇಲ್ಲ. ಹೆಪ್ಪುಗಟ್ಟದಿರಲು ಬೇಕಾದಷ್ಟೇ ಶಾಖ, ಅದೂ ಜಿಪುಣತನದಿಂದ! 1972ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ಮೈನಸ್ 35 ಡಿಗ್ರಿ ಸೆಲ್ಸಿಯಸ್‌ನ ದ್ರವದಲ್ಲಿ ಅದ್ದಿದಾಗಲೂ ಪಾದದ ಉಷ್ಣತೆ ಮೈನಸ್ 1 ಡಿಗ್ರಿಯ ಆಸುಪಾಸಿನಲ್ಲೇ ನಿಂತಿತ್ತು.

ಹಸಿವನ್ನು ಗೆಲ್ಲುವುದು ಇಷ್ಟು ಸುಲಭವಲ್ಲ. ಲೆಮ್ಮಿಂಗ್ ಎಂಬ ಇಲಿಜಾತಿಯ ಪ್ರಾಣಿಗಳನ್ನು ನಂಬಿದ ನರಿಗಳ ಬದುಕು ಆ ಪ್ರಾಣಿಗಳ ಸಂಖ್ಯೆಯೊಂದಿಗೇ ಏರಿಳಿಯುತ್ತದೆ: ಲೆಮ್ಮಿಂಗ್ ಹೇರಳವಾದ ವರ್ಷ ಒಂದೇ ಸೂಲಿನಲ್ಲಿ ಹತ್ತಕ್ಕೂ ಹೆಚ್ಚು ಮರಿಗಳು ಹುಟ್ಟಬಹುದು, ಬರಗಾಲದ ವರ್ಷ ಒಂದೂ ಹುಟ್ಟದಿರಬಹುದು. ಆದ್ದರಿಂದ ನರಿ ಬೇಸಿಗೆಯಲ್ಲೇ ಹೆಬ್ಬಾತುಗಳ ಮೊಟ್ಟೆ ಕದ್ದು ಮಣ್ಣಿನಲ್ಲಿ ಹೂತಿಡುತ್ತದೆ, ಶರತ್ಕಾಲದಲ್ಲಿ ಮೈಯಲ್ಲಿ ಕೊಬ್ಬು ಕೂಡಿಸುತ್ತದೆ, ಚಳಿಗಾಲದಲ್ಲಿ ಸಮುದ್ರದ ಮಂಜುಗಡ್ಡೆಯ ಮೇಲೆ ಹಿಮಕರಡಿಗಳನ್ನು ಹಿಂಬಾಲಿಸಿ ಅವು ತಿಂದುಬಿಟ್ಟ ಸೀಲ್‌ಗಳ ಅವಶೇಷಗಳನ್ನು ನೆಕ್ಕುತ್ತದೆ. ಏನೂ ಸಿಗದಿದ್ದರೆ ಓಡಾಟವನ್ನೂ ದೇಹ ವ್ಯಯಿಸುವ ಶಕ್ತಿಯನ್ನೂ ತಗ್ಗಿಸುತ್ತದೆ, ಇಲ್ಲವೇ ಹೊರಟೇಬಿಡುತ್ತದೆ. ನಾರ್ವೆಯ ಸಂಶೋಧಕರು ಉಪಗ್ರಹಕ್ಕೆ ಸಂಕೇತ ಕಳಿಸುವ ಕೊರಳಪಟ್ಟಿ ತೊಡಿಸಿದ್ದ ಎಳೆಯ ಹೆಣ್ಣುನರಿಯೊಂದು 2018ರಲ್ಲಿ ನಾರ್ವೆಯ ದ್ವೀಪಸಮೂಹವಾದ ಸ್ವಾಲ್ಬಾರ್ಡ್‌ನಿಂದ ಗ್ರೀನ್‌ಲ್ಯಾಂಡ್ ದಾಟಿ ಕೆನಡಾದ ಎಲ್ಸ್‌ಮಿಯರ್ ದ್ವೀಪಕ್ಕೆ 76 ದಿನಗಳಲ್ಲಿ 3,506 ಕಿಲೋಮೀಟರ್ ನಡೆದಿತ್ತು. ಒಂದು ದಿನವಂತೂ 155 ಕಿಲೋಮೀಟರ್!

ಚಳಿ ತಗ್ಗಿದರೆ ಅದಕ್ಕೆ ಸುಖವೆಂದು ಭಾವಿಸಬೇಡ. ಬೆಚ್ಚಗಾದ ನೆಲಕ್ಕೆ ದೊಡ್ಡ ಮೈಯ ಕೆಂಪು ನರಿ ಏರಿಬಂದು ಬಿಲವನ್ನೂ ಬೇಟೆಯನ್ನೂ ಕಸಿದುಕೊಳ್ಳುತ್ತದೆ. ತುಪ್ಪಳಕ್ಕಾಗಿ ನಡೆದ ಬೇಟೆಯಿಂದ ತತ್ತರಿಸಿದ್ದ ಹಿಮನರಿಗೆ ಸ್ವೀಡನ್ 1928ರಲ್ಲೂ ನಾರ್ವೆ 1930ರಲ್ಲೂ ಕಾನೂನಿನ ರಕ್ಷಣೆ ನೀಡಿದರೂ ಸಂತತಿ ದಶಕಗಳ ಕಾಲ ಚೇತರಿಸಿಕೊಳ್ಳಲಿಲ್ಲ. ಈಗ ಅಲ್ಲಿ ಕೆಂಪು ನರಿಗಳನ್ನು ಕಡಿಮೆ ಮಾಡುವುದರ ಜೊತೆಗೆ ಹಿಮನರಿಗಳ ಬಿಲಗಳ ಬಳಿ ಆಹಾರವನ್ನೂ ಇಡುತ್ತಿದ್ದಾರೆ.

ಇಂತಿ,
ನಿನ್ನ ಗೆಳೆಯ